ಚಪ್ಪಲಿ ನಿಂತಿದೆ, ಅಜ್ಜಿ ಕೂತಿದ್ದಾರೆ

ಬ್ಯಾಂಕಿನ ಬಾಗಿಲು ತೆರೆಯಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಕ್ಯೂ ಮಾತ್ರ ಇತ್ತು. ಎಲ್ಲಕ್ಕಿಂತ ಮುಂದೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಒಂದು ಜೊತೆ. ಅದರ ಹಿಂದೆ ಮಡಚಿಟ್ಟ ಕರಿ ಕೊಡೆ. ಆಮೇಲೆ ಜವಳಿ ಅಂಗಡಿಯ ಬಟ್ಟೆಚೀಲ, ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಮುರಕಲ್ಲಿನ ಚೂರು. ಮತ್ತೊಂದು ಜೊತೆ ಚಪ್ಪಲಿ, ಒಂದು ಊರುಗೋಲು, ನೀರಿನ ಬಾಟ್ಲಿ, ಇನ್ನೊಂದು ಚೀಲ, ಒಂದು ಹೆಲ್ಮೆಟ್. ಒಂಬತ್ತನೆಯದಾಗಿ ನಾನು ಕೈಯಲ್ಲಿದ್ದ ಪೇಪರನ್ನು ಮಡಚಿ ಇಟ್ಟು, ಕಲ್ಲು ಹುಡುಕಿ ಹೇರಿ, ಎದುರಿನ ಅಂಗಡಿಯ ಜಗಲಿಗೆ ಹೋದೆ. ಅಲ್ಲಿ ಈ ಎಲ್ಲ ವಸ್ತುಗಳ ವಾರಸುದಾರರು ಸಾಲಾಗಿ ಕೂತು ಅಡಿಕೆಗೆ ಬಿದ್ದ ಕೊಳೆರೋಗದ ಬಗ್ಗೆ ಮಾತಾಡುತ್ತಿದ್ದರು. ಊರುಗೋಲನ್ನು ಸಾಲಿಗೆ ಹಚ್ಚಿದವರು ಅದಿಲ್ಲದೆ ಜಗಲಿಯವರೆಗೆ ಹೇಗೆ ನಡೆದು ಬಂದರೋ, ಕೇಳುವ ಧೈರ್ಯ ಆಗಲಿಲ್ಲ.

ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಹುಡುಗ ಬಂದ. ಆಚೀಚೆ ನೋಡಿದ, ಯಾರೂ ಇಲ್ಲ. ಚಪ್ಪಲಿಗಳನ್ನು ದಾಟಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಮೊಬೈಲು ತೆಗೆದ. ಜಗಲಿಯಿಂದ ಒಬ್ಬ ಅಜ್ಜಿ ಕೂಗಿ ಹೇಳಿದರು: ‘ಮಗಾ, ಅಲ್ಲಿ ಕೊಡೆ ಉಂಟಲ್ಲ, ಅದು ನಾನು.’

ಹುಡುಗ ಕೊಡೆಯನ್ನು ನೋಡಿದ, ಅಜ್ಜಿಯನ್ನು ನೋಡಿದ, ನಕ್ಕ, ಹೋಗಿ ನನ್ನ ಪೇಪರಿನ ಹಿಂದೆ ನಿಂತ. ಬಿಸಿಲಿನಲ್ಲಿ ನಿಂತವನು ಅವನೊಬ್ಬನೇ.

ಇದು ಅಜೆಕಾರು. ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ. ಮರ್ಣೆ ಗ್ರಾಮ ಪಂಚಾಯತಿನ ಊರು, ಹೋಬಳಿ ಕೇಂದ್ರ. ಅಂಡಾರು, ಕಡ್ತಲ, ಎಣ್ಣೆಹೊಳೆ ಅಂತ ಸುತ್ತಲಿನವರಿಗೆ ಬ್ಯಾಂಕು, ಅಂಚೆ, ಔಷಧ, ಜೆರಾಕ್ಸ್‌ಗೆಲ್ಲ ಇದೇ ಪೇಟೆ. ನಮ್ಮ ಕರಾವಳಿಯ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಗುಡ್ಡದಾಚೆ ಒಂದು, ತೋಟದಾಚೆ ಒಂದು. ಹಾಗಾಗಿ ಹತ್ತು ಗಂಟೆಯ ಬ್ಯಾಂಕಿನ ಕ್ಯೂ ನಿಜವಾಗಿ ಶುರುವಾಗುವುದು ಬೆಳಿಗ್ಗೆ ಏಳಕ್ಕೆ, ಮನೆಯಂಗಳದಲ್ಲಿ. ತೋಟ ಇಳಿದು, ಸಂಕ ದಾಟಿ, ಗುಡ್ಡ ಹತ್ತಿ, ರಸ್ತೆಗೆ ಬಂದು, ಬಸ್ಸಿಗೆ ಕಾದು ಬಂದವರಿಗೆ ಬಾಗಿಲಿನ ಎದುರಿನ ಆ ಮುಕ್ಕಾಲು ಗಂಟೆ ಕ್ಯೂವಿನ ಕೊನೆಯ ಭಾಗ.

ಕ್ಯೂವಿನಲ್ಲಿ ಪ್ರಾಯದವರನ್ನು ಮುಂದೆ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಕೂತು ಉತ್ತರ ಹೇಳುವುದು ಸುಲಭ. ಹತ್ತು ಜನರ ಸಾಲಿನಲ್ಲಿ ಒಬ್ಬರು ಹಿರಿಯರಿದ್ದರೆ ‘ನೀವು ಮುಂದೆ ಬನ್ನಿ ಸರ್’ ಅನ್ನಬಹುದು; ಒಳ್ಳೆಯವರಾದ ಸಮಾಧಾನವೂ ಸಿಗುತ್ತದೆ. ಅಜೆಕಾರಿನ ಲೆಕ್ಕವೇ ಬೇರೆ. ಆ ದಿನ ಸಾಲಿನಲ್ಲಿದ್ದ ಒಂಬತ್ತು ವಸ್ತುಗಳಲ್ಲಿ ಆರು ಅರವತ್ತು ದಾಟಿದವರದ್ದು, ಒಂದು ಅರವತ್ತಕ್ಕೆ ಎರಡು ಕಮ್ಮಿ ಇದ್ದವರದ್ದು. ಎಂಟನೆಯ ಹೆಲ್ಮೆಟ್ ಒಬ್ಬ ಮೇಷ್ಟ್ರದ್ದು. ಒಂಬತ್ತನೆಯವನು ನಾನು; ಅರವತ್ತಕ್ಕೆ ನಾನೇನೂ ತುಂಬ ದೂರದಲ್ಲಿಲ್ಲ.

ಇದು ಆಕಸ್ಮಿಕ ಅಲ್ಲ. ದುಡಿಯುವ ಪ್ರಾಯದವರು ಮುಂಬಯಿಯ ಹೋಟೆಲುಗಳಿಗೆ ಹೋದರು, ಆಮೇಲೆ ಗಲ್ಫಿಗೆ, ಈಗ ಬೆಂಗಳೂರಿಗೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಲಿಂಗಾನುಪಾತ ಸಾವಿರ ಗಂಡಸರಿಗೆ 1094 ಹೆಂಗಸರು. ರಾಜ್ಯದಲ್ಲೇ ಅತಿ ಹೆಚ್ಚು. ಹೆಣ್ಣುಮಕ್ಕಳ ಬಗ್ಗೆ ನಮಗಿರುವ ಗೌರವಕ್ಕೆ ಸಾಕ್ಷಿ ಅಂತ ಭಾಷಣದಲ್ಲಿ ಇದನ್ನು ಹೇಳುವುದುಂಟು. ಗಂಡಸರು ಊರಿನಲ್ಲಿಲ್ಲ ಎಂಬುದೂ ಆ ಅಂಕಿಯೊಳಗೇ ಇದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಯಾವ ಬಾಗಿಲಿನ ಎದುರು ಹೋಗಿ ನೋಡಿದರೂ ಕಾಣುವುದು ಬಿಳಿ ಕೂದಲೇ.

ಎಲ್ಲರೂ ಪ್ರಾಯದವರೇ ಆದರೆ ಮೊದಲು ಯಾರು?

ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ಬ್ರೆಜಿಲ್ ದೇಶದಲ್ಲಿ ಅರವತ್ತು ದಾಟಿದವರಿಗೆ ಬ್ಯಾಂಕು, ಕಚೇರಿಗಳಲ್ಲಿ ಕಾನೂನಿನ ಪ್ರಕಾರವೇ ಆದ್ಯತೆ ಉಂಟು. ಆದ್ಯತೆಯವರ ಸಾಲೇ ಉದ್ದವಾದರೆ ಏನು ಮಾಡುವುದು? 2017ರಲ್ಲಿ ಅಲ್ಲಿ ಕಾನೂನು ತಿದ್ದಿ, ಹಿರಿಯರೊಳಗೂ ಎಂಬತ್ತು ದಾಟಿದವರಿಗೆ ಮೊದಲ ಸ್ಥಾನ ಕೊಟ್ಟರು. ನಮ್ಮಲ್ಲಿ 2016ರ ನವೆಂಬರಿನಲ್ಲಿ ನೋಟು ರದ್ದಾದಾಗ, 19ನೇ ತಾರೀಕಿನ ಶನಿವಾರ ಹಳೆನೋಟಿನ ವಿನಿಮಯವನ್ನು ಹಿರಿಯ ನಾಗರಿಕರಿಗಷ್ಟೇ ಮೀಸಲಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಹಿರಿಯರಿಗೆ ಮಾತ್ರ ಎಂದ ದಿನ ಹಿರಿಯರು ಹಿರಿಯರ ಹಿಂದೆಯೇ ನಿಲ್ಲಬೇಕಲ್ಲ.

ಎಷ್ಟಾದರೆ ಪ್ರಾಯ?

‘ಪ್ರಾಯ’ ಅನ್ನುವುದು ನಮ್ಮ ಕಡೆಯ ಚಂದದ ಶಬ್ದ. ಘಟ್ಟದ ಮೇಲೆ ಪ್ರಾಯದವ ಅಂದರೆ ಯುವಕ; ಘಟ್ಟದ ಕೆಳಗೆ ಪ್ರಾಯದವರು ಅಂದರೆ ಮುದುಕರು. ತುಳುವಿನಲ್ಲೂ ‘ಪ್ರಾಯ ಆಂಡ್’ ಅಂದರೆ ವಯಸ್ಸಾಯಿತು ಅಂತಲೇ. ಆದರೆ ಎಷ್ಟಾದರೆ ಪ್ರಾಯ ಆದ ಹಾಗೆ ಎಂಬುದರಲ್ಲಿ ಸರಕಾರಕ್ಕೇ ಒಮ್ಮತ ಇಲ್ಲ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾನೂನಿನ ಪ್ರಕಾರ ಅರವತ್ತಾದವರು ಹಿರಿಯ ನಾಗರಿಕರು. ಆಸ್ಪತ್ರೆಗಳಲ್ಲಿ ಅವರಿಗೆ ಪ್ರತ್ಯೇಕ ಸಾಲು ಇರಬೇಕು ಅಂತ ಅದರ 20ನೇ ಕಲಮು ಹೇಳುತ್ತದೆ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಬೇಕು. ದೇವರ ಹತ್ತಿರವೂ 65: ಮುಜರಾಯಿ ದೇವಸ್ಥಾನಗಳಲ್ಲಿ 65 ದಾಟಿದವರಿಗೆ ಸಾಲಿನಲ್ಲಿ ನಿಲ್ಲದೆ ನೇರ ದರ್ಶನ ಕೊಡಬೇಕೆಂದು 2023ರಲ್ಲಿ ಆದೇಶವಾಯಿತು. ಬ್ಯಾಂಕಿನವರು ಮನೆಬಾಗಿಲಿಗೆ ಬಂದು ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿ ಹೇಳಿದ್ದು 70 ದಾಟಿದವರಿಗೆ. ಬದುಕಿದ್ದೇನೆ ಅಂತ ವರ್ಷವರ್ಷ ಸಾಬೀತು ಮಾಡುವ ಜೀವನ ಪ್ರಮಾಣಪತ್ರವನ್ನು ಕೇಂದ್ರದ ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕು. 80 ದಾಟಿದ್ದರೆ ಅಕ್ಟೋಬರಿನಲ್ಲೇ ಕೊಡಬಹುದು. ಮನೆಯಲ್ಲೇ ಕೂತು ಓಟು ಹಾಕಲು 2023ರ ವಿಧಾನಸಭೆ ಚುನಾವಣೆಯಲ್ಲಿ 80 ಸಾಕಿತ್ತು. 2024ರ ಲೋಕಸಭೆಗೆ ಬರುವಾಗ 85 ಬೇಕಾಯಿತು. ಅಂದರೆ ನಡುವಿನ ಆ ಒಂದು ವರ್ಷದಲ್ಲಿ 82ರ ಅಜ್ಜ ಕಾಗದದ ಮೇಲೆ ಪುನಃ ಗಟ್ಟಿಮುಟ್ಟಾದರು.

ಹೀಗೆ 67ರ ಒಬ್ಬರಿಗೆ ಕೊಲ್ಲೂರಿನ ಮೂಕಾಂಬಿಕೆಯ ಎದುರು ಸರದಿ ಇಲ್ಲ, ಮತಗಟ್ಟೆಯಲ್ಲಿ ಉಂಟು. ನಗು ಬರುತ್ತದೆ ನಿಜ. ಆದರೆ ಎಲ್ಲೋ ಒಂದು ಕಡೆ ಗೆರೆ ಎಳೆಯದೆ ಕಾನೂನು ಮಾಡಲು ಬರುವುದಿಲ್ಲ. ಆ ಗೆರೆ ಮೊಣಕಾಲಿಗೆ ಗೊತ್ತಿಲ್ಲ ಅನ್ನುವುದಷ್ಟೇ ತಾಪತ್ರಯ.

ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರನ್ನೇ ತೆಗೆದುಕೊಳ್ಳಿ. ಒಬ್ಬರು ಮುಂಬಯಿಯಲ್ಲಿ ಹೋಟೆಲು ನಡೆಸಿ, ಮಗನಿಗೆ ಬಿಟ್ಟುಕೊಟ್ಟು ಊರಿಗೆ ಬಂದವರು. ಎಪ್ಪತ್ತಮೂರು. ದಿನಾ ಬೆಳಿಗ್ಗೆ ಬಿಳಿ ಶೂ ಹಾಕಿ ನಡೆಯುತ್ತಾರೆ. ನಾನು ಅವರ ಜೊತೆ ಹೆಜ್ಜೆ ಹಾಕಿದರೆ ಏದುಸಿರು ಬಿಡುತ್ತೇನೆ. ಇನ್ನೊಬ್ಬಾಕೆ ಹದಿಮೂರನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಸೂಪಿನ (ಮೊರದ) ಮೇಲೆ ಬಗ್ಗಿ ಬಗ್ಗಿ ಬೆನ್ನು ಹಾಗೇ ನಿಂತಿದೆ. ಆಧಾರ್ ಕಾರ್ಡಿನಲ್ಲಿ ಐವತ್ತೆಂಟು. ಯಾವ ಆದ್ಯತೆಯ ಬೋರ್ಡೂ ಆಕೆಗೆ ಅನ್ವಯಿಸುವುದಿಲ್ಲ. ಬಿಳಿ ಶೂಗಳಿಗೆ ಎಲ್ಲವೂ ಅನ್ವಯಿಸುತ್ತವೆ. ಆಕೆಗೆ ಇನ್ನೊಂದು ಕಷ್ಟ ಉಂಟು: ಎಲೆ ಸುತ್ತಿ ನೂಲು ಬಿಗಿದು ಬೆರಳ ತುದಿಯ ಗೆರೆಗಳೇ ಮಾಸಿವೆ. ಸೊಸೈಟಿಯಲ್ಲಿ ರೇಷನಿಗೆ ತಂಬ್ ಕೊಟ್ಟರೆ ಯಂತ್ರ ಒಪ್ಪುವುದಿಲ್ಲ. ಬೆರಳನ್ನು ಸೆರಗಿಗೆ ಒರೆಸಿ, ಇನ್ನೊಂದು ಬೆರಳು ಒತ್ತಿ, ಮತ್ತೊಂದು ಒತ್ತಿ... ಹಿಂದೆ ನಿಂತವರು ‘ಎಂತ ಸರ್ವರ್ ಇಲ್ವಾ?’ ಅನ್ನುವಷ್ಟರಲ್ಲಿ ಆಕೆ ತಾನೇ ಬದಿಗೆ ಸರಿದು ಬೇರೆಯವರಿಗೆ ದಾರಿ ಬಿಡುತ್ತಾರಂತೆ. ‘ನನ್ನಿಂದ ಎಲ್ಲರಿಗೂ ತಡ’ ಅಂದರು. ಮೂವತ್ತೈದು ಕಿಲೋ ಅಕ್ಕಿ ಕೇಳಲು ಬಂದವರ ಹಾಗಲ್ಲ, ತಪ್ಪು ಮಾಡಿದವರ ಹಾಗೆ.

ಒಂಬತ್ತು ಜನರ ನಾಲ್ಕು ನಿಮಿಷ

ಇಷ್ಟಕ್ಕೂ ಒಬ್ಬರನ್ನು ಮುಂದೆ ಬಿಟ್ಟರೆ ಉಳಿದವರಿಗೆ ಆಗುವ ನಷ್ಟ ಎಷ್ಟು? ಕೈಬೆರಳಿನ ಲೆಕ್ಕ ಸಾಕು. ಹತ್ತು ಜನ, ಒಬ್ಬೊಬ್ಬರಿಗೆ ನಾಲ್ಕು ನಿಮಿಷದ ಕೆಲಸ. ಹತ್ತನೆಯವರಾಗಿ ನಿಂತ ಅಜ್ಜಿ 36 ನಿಮಿಷ ಕಾಯಬೇಕು. ಅವರನ್ನು ಮೊದಲಿಗೆ ಕರೆದರೆ ಅವರ 36 ನಿಮಿಷ ಉಳಿಯಿತು. ಉಳಿದ ಒಂಬತ್ತು ಜನರಿಗೆ ತಲಾ ನಾಲ್ಕು ನಿಮಿಷ ಹೆಚ್ಚಾಯಿತು. ಒಂಬತ್ತು ನಾಲ್ಕಲಿ ಮೂವತ್ತಾರು. ಒಟ್ಟು ಕಾಯುವಿಕೆಯಲ್ಲಿ ಒಂದು ನಿಮಿಷವೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅಜ್ಜಿಯ ತಲೆಹೊರೆಯನ್ನು ಒಂಬತ್ತು ಜನ ಹಂಚಿಕೊಂಡು ಹೊತ್ತ ಹಾಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆಗಳು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು 1909ರಲ್ಲಿ ಕೋಪನ್‌ಹೇಗನ್ನಿನ ಎರ್ಲಾಂಗ್ ಎಂಬ ಗಣಿತಜ್ಞ ಲೆಕ್ಕ ಹಾಕಿದಂದಿನಿಂದ ಕ್ಯೂ ಎಂಬುದೇ ಒಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. ಒಟ್ಟು ಕಾಯುವಿಕೆ ನಿಜವಾಗಿ ಕಮ್ಮಿಯಾಗಬೇಕಿದ್ದರೆ ಬೇಗ ಮುಗಿಯುವ ಕೆಲಸದವರನ್ನು ಮೊದಲು ಬಿಡಬೇಕು ಅನ್ನುತ್ತದೆ ಆ ಶಾಸ್ತ್ರ. ಸಾಲದ ಕಾಗದಕ್ಕೆ ಹದಿನೈದು ನಿಮಿಷ ಬೇಕಾದವನ ಹಿಂದೆ ಬರೀ ಪಾಸ್‌ಬುಕ್ ಎಂಟ್ರಿಗೆ ನಿಂತ ಅಜ್ಜ ಒಂದು ನಿಮಿಷದ ಗಿರಾಕಿ. ಅದಲು ಬದಲಾದರೆ ಒಬ್ಬನಿಗೆ ಹೋಗುವುದು ಒಂದು ನಿಮಿಷ, ಇನ್ನೊಬ್ಬರಿಗೆ ಉಳಿಯುವುದು ಹದಿನೈದು.

ಅಜೆಕಾರಿನ ಜಗಲಿಗೆ ಈ ಶಾಸ್ತ್ರ ಓದದೆಯೇ ಗೊತ್ತು. ‘ನಿಮ್ಮದು ಎಂತ, ಬರೀ ಎಂಟ್ರಿಯಾ? ಹಾಗಾದ್ರೆ ಹೋಗಿ’ ಅನ್ನುವ ಮಾತು ಇಲ್ಲಿ ದಿನಾ ಕೇಳಿಸುತ್ತದೆ. ಅದಕ್ಕಿಂತಲೂ ದೊಡ್ಡ ಕಾನೂನು ಇನ್ನೊಂದುಂಟು: ‘ನನ್ನ ಬಸ್ಸು ಹೋಗ್ತದೆ ಮಾರಾಯ್ರೆ.’ ಈ ಒಂದು ವಾಕ್ಯಕ್ಕೆ ನಮ್ಮ ಕಡೆ ಯಾವ ಕ್ಯೂವಾದರೂ ಬಾಯಿ ಬಿಡುತ್ತದೆ. ಪ್ರಾಯ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಯಾವ ಬಸ್ಸು ಅಂತ ಮಾತ್ರ ಕೇಳುತ್ತಾರೆ. ಹೆಸರು ಹೇಳಿದರೆ ಅದರ ಟೈಮು ಎಲ್ಲರಿಗೂ ಬಾಯಿಪಾಠ. ಆ ಬಸ್ಸು ತಪ್ಪಿದರೆ ಮುಂದಿನದ್ದು ಎಷ್ಟು ಹೊತ್ತಿಗೆ, ಅಲ್ಲಿಂದ ಮನೆಗೆ ಎಷ್ಟು ನಡೆಯಬೇಕು ಎಂಬುದೂ ಗೊತ್ತು. ಹಾಗಾಗಿ ಸುಳ್ಳು ಹೇಳಲಿಕ್ಕೂ ಆಗುವುದಿಲ್ಲ.

1978ರಲ್ಲಿ ಅಮೆರಿಕದ ಎಲೆನ್ ಲ್ಯಾಂಗರ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಜೆರಾಕ್ಸ್ ಯಂತ್ರದ ಮುಂದೆ ಇರುವವರ ಹತ್ತಿರ ‘ಐದು ಪುಟ ಉಂಟು, ನಾನು ಮೊದಲು ಮಾಡಿಕೊಳ್ಳಲಾ?’ ಅಂತ ಬರಿದೇ ಕೇಳಿದಾಗ ನೂರಕ್ಕೆ 60 ಮಂದಿ ಬಿಟ್ಟರು. ‘ಯಾಕಂದರೆ ಅರ್ಜೆಂಟ್ ಉಂಟು’ ಅಂದಾಗ 94. ‘ಯಾಕಂದರೆ ನನಗೆ ಜೆರಾಕ್ಸ್ ಮಾಡಬೇಕು’ ಎಂಬ ಅರ್ಥವಿಲ್ಲದ ಕಾರಣ ಕೊಟ್ಟಾಗಲೂ 93. ಪುಟ ಇಪ್ಪತ್ತಾದಾಗ ಮಾತ್ರ ಪೊಳ್ಳು ಕಾರಣ ನಡೆಯಲಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಶೇಕಡಾವಾರು ಅಲ್ಲ. ಜನರಿಗೆ ಬೇಕಾದದ್ದು ನ್ಯಾಯಕ್ಕಿಂತ ಮೊದಲು ಒಂದು ಮಾತು. ಕೇಳಿ ಮುಂದೆ ಹೋದವರ ಮೇಲೆ ಯಾರಿಗೂ ಸಿಟ್ಟಿಲ್ಲ. ಕೇಳದೆ ಹೋದವರ ಮೇಲೆ ಜೀವಮಾನ ಸಿಟ್ಟು.

ಬೂಳ್ಯ ಯಾರಿಗೆ ಮೊದಲು?

‘ಮೊದಲು ಬಂದವರಿಗೆ ಮೊದಲು’ ಎಂಬ ನಿಯಮ ನಮ್ಮ ಹಳೆಯ ಸಂಪ್ರದಾಯ ಅಲ್ಲವೇ ಅಲ್ಲ. ತುಳುನಾಡಿನಲ್ಲಿ ಮೊದಲು ಯಾರು ಎಂಬುದು ಬಂದ ಹೊತ್ತಿನ ಮೇಲೆ ನಿಂತಿರಲಿಲ್ಲ. ಹುಟ್ಟಿದ ಮನೆಯ ಮೇಲೆ ನಿಂತಿತ್ತು. ಭೂತಾರಾಧನೆಯ ನೇಮದ ದಿನ ದೈವ ಬೂಳ್ಯ, ಅಂದರೆ ಪ್ರಸಾದದ ವೀಳ್ಯ, ಕೊಡುವ ಕ್ರಮ ನೋಡಿ: ಗಡಿ ಹಿಡಿದವರಿಗೆ ಮೊದಲು, ಆಮೇಲೆ ಇಂಥ ಗುತ್ತಿನ ಮನೆತನ, ಆಮೇಲೆ ಇಂಥ ಮನೆ. ಕ್ರಮ ತಪ್ಪಿದ್ದಕ್ಕೆ ನೇಮ ನಿಂತದ್ದುಂಟು, ಕೋರ್ಟು ಹತ್ತಿದ್ದುಂಟು. ಪ್ರಾಯಕ್ಕೆ ಬೆಲೆ ಇದ್ದದ್ದು ಮನೆಯ ಒಳಗೆ. ಅಳಿಯಸಂತಾನದ ಕುಟುಂಬದಲ್ಲಿ ಹಿರಿಯರೇ ಯಜಮಾನರು, ಹೆಂಗಸಾದರೆ ಯಜಮಾಂತಿ. ಮನೆಯ ಹೊರಗೆ ಕಾಲಿಟ್ಟರೆ ಕೂಲಿಯ ಎಂಬತ್ತರ ಮುದುಕ ಗುತ್ತಿನ ಎಂಟು ವರ್ಷದ ಹುಡುಗನಿಗೆ ದಾರಿ ಬಿಟ್ಟು ನಿಲ್ಲಬೇಕಿತ್ತು. ಉಡುಪಿಯ ಕನಕನ ಕಿಂಡಿಯ ಐತಿಹ್ಯ ನಮಗೆಲ್ಲ ಗೊತ್ತು. ಅದು ಕ್ಯೂವಿನ ಕಥೆಯಲ್ಲ, ಕ್ಯೂವಿನಲ್ಲಿ ನಿಲ್ಲಲಿಕ್ಕೂ ಬಿಡದವನ ಕಥೆ.

ಹಾಗಾಗಿ ಕ್ಯೂ ಅಂದರೆ ಬೇಜಾರಿನ ಸಂಗತಿ ಅಂತ ಎಲ್ಲರೂ ಹೇಳುವಾಗ ನನಗೆ ಅದರ ಮೇಲೆ ಒಂದು ಪ್ರೀತಿ. ಚಿಮಿಣಿ ಎಣ್ಣೆಗೆ ಅಮ್ಮ ಕ್ಯಾನು ಕೊಟ್ಟು ಕಳಿಸುತ್ತಿದ್ದ ಕಾಲದಲ್ಲಿ, ಸೊಸೈಟಿಯ ಎದುರು ಕ್ಯಾನುಗಳ ಸಾಲಿನಲ್ಲಿ ಧಣಿಗಳ ಮನೆಯ ಕ್ಯಾನು ನಮ್ಮ ಕ್ಯಾನಿನ ಹಿಂದೆ ಇತ್ತು. ತುಕ್ಕು ಹಿಡಿದ ಎರಡು ಡಬ್ಬಿಗಳು. ಯಾವುದು ಯಾರದ್ದು ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ. ಆ ದಿನ ಮನೆಗೆ ಬಂದು ಅಮ್ಮನಿಗೆ ಇದನ್ನು ಹೇಳಿದ್ದು ನೆನಪುಂಟು, ಅಮ್ಮ ನಂಬಲಿಲ್ಲ.

ಪ್ರಾಯದವರಿಗೆ ಆದ್ಯತೆ ಕೊಡಬಾರದು ಅನ್ನುವವರ ವಾದದಲ್ಲಿ ನನಗೆ ತೂಕ ಕಾಣುವುದು ಇಲ್ಲಿಯೇ. ಕಷ್ಟಪಟ್ಟು ಒಂದು ಸಮತಟ್ಟು ಮಾಡಿದ್ದೇವೆ, ಅದರಲ್ಲಿ ಪುನಃ ಏರುತಗ್ಗು ಯಾಕೆ ಅಂತ ಅವರು ಕೇಳುತ್ತಾರೆ. ಒಪ್ಪಬೇಕಾದ ಪ್ರಶ್ನೆ. ಆದರೆ ಗುತ್ತು ಎಲ್ಲರಿಗೂ ಸಿಗುವುದಿಲ್ಲ, ದುಡ್ಡು ಎಲ್ಲರಿಗೂ ಸಿಗುವುದಿಲ್ಲ. ಪ್ರಾಯ ಬದುಕಿದವರಿಗೆಲ್ಲ ಸಿಗುತ್ತದೆ. ತಿರುಪತಿಯಲ್ಲಿ 300 ರೂಪಾಯಿಯ ಟಿಕೇಟಿಗೊಂದು ದಾರಿ ಉಂಟು, 65 ದಾಟಿದವರಿಗೆ ಇನ್ನೊಂದು ದಾರಿ ಉಂಟು. ಎರಡೂ ನೂಕುನುಗ್ಗಲು ತಪ್ಪಿಸುವ ದಾರಿಗಳೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದಾಗದು.

ಸಣ್ಣ ಊರುಗಳಲ್ಲಿ ಮೂರನೆಯದೊಂದು ದಾರಿಯೂ ಉಂಟು: ಪಕ್ಕದ ಬಾಗಿಲು. ಪರಿಚಯದವರು ಅಲ್ಲಿಂದ ಒಳಗೆ ಹೋಗಿ, ಮೇಜಿನ ಆಚೆ ಬದಿ ಕುರ್ಚಿ ಎಳೆದು ಕೂತು, ‘ಹೀಗೇ ಬಂದದ್ದು’ ಅನ್ನುತ್ತಾ ಕೆಲಸ ಮುಗಿಸಿ ಹೋಗುತ್ತಾರೆ. ಹೊರಗೆ ನಿಂತವರಿಗೆ ಕೌಂಟರು ಯಾಕೆ ನಿಂತಿದೆ ಅಂತ ಗೊತ್ತಾಗುವುದಿಲ್ಲ. ಆ ಸಿಟ್ಟು ಎಲ್ಲಿ ಇಳಿಯುತ್ತದೆ? ಮುಂದೆ ಬಿಡಿ ಅಂತ ಕೇಳಿದ ಯಾರೋ ಅಜ್ಜಿಯ ಮೇಲೆ.

ನಾನೂ ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ಅಮ್ಮನನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ತೋರಿಸಬೇಕಾದ್ದು ನನ್ನ ಭುಜದ ನೋವು. ಅಮ್ಮ ಮನೆಯಲ್ಲಿ ಒಬ್ಬರೇ ಆಗುತ್ತಾರೆ ಅಂತ ಜೊತೆಗೆ ಬಂದದ್ದು. ಚೀಟಿಯ ಸಾಲು ಕಂಡು ನಾನು ಅಮ್ಮನ ಕೈ ಹಿಡಿದು ಮುಂದೆ ಹೋದೆ, ‘ಪ್ರಾಯದವರು, ಸ್ವಲ್ಪ ಬಿಡಿ’ ಅಂದೆ. ಜನ ಬಿಟ್ಟರು. ಕಿಟಕಿಯಲ್ಲಿ ಹೆಸರು ಕೇಳಿದಾಗ ನನ್ನ ಹೆಸರು ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಹಿರಿಯಡ್ಕ ದಾಟಿದ ಮೇಲೆ, ‘ನನ್ನನ್ನು ಪಾಸು ಮಾಡಿದೆಯಲ್ಲ’ ಅಂದರು. ಅಷ್ಟೇ. ಈಗಲೂ ಯಾರಾದರೂ ಹಿರಿಯರನ್ನು ಮುಂದೆ ತಳ್ಳಿಕೊಂಡು ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಚೀಟಿಯಲ್ಲಿರುವ ಹೆಸರಿನ ಮೇಲೆ.

ಬಾಗಿಲಿಗೆ ಬರುತ್ತಿದ್ದವು

ಕ್ಯೂವಿನ ಬಗ್ಗೆ ಜಗಲಿಯಲ್ಲಿ ಮಾತು ಬಂದಾಗ ಅಲ್ಲಿದ್ದವರು ಆದ್ಯತೆಯ ವಿಷಯ ಎತ್ತಲೇ ಇಲ್ಲ. ಅವರು ಹೇಳಿದ್ದು ಬೇರೆ: ‘ಮೊದಲೆಲ್ಲ ಮನೆಗೇ ಬರ್ತಿತ್ತು.’

ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟಿನವರು ಅಂಗಳದಲ್ಲಿ ಕೂತು ನೋಟು ಎಣಿಸಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಮೀನು ಬುಟ್ಟಿಯಲ್ಲಿ ತಲೆಯ ಮೇಲೆ ಬರುತ್ತಿತ್ತು. ಅಷ್ಟೇ ಅಲ್ಲ, ಈ ಜಿಲ್ಲೆಯಲ್ಲಿ ಬ್ಯಾಂಕೇ ನಡೆದುಕೊಂಡು ಬರುತ್ತಿತ್ತು. ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವರು ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಪಿಗ್ಮಿಯವರು ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬಡವರು ಬ್ಯಾಂಕಿಗೆ ಬರುವುದಿಲ್ಲ, ಬ್ಯಾಂಕೇ ಬಡವರ ಹತ್ತಿರ ಹೋಗಬೇಕು ಎಂಬ ಲೆಕ್ಕಾಚಾರದ ಮೇಲೆ ಬೆಳೆದ ಸಂಸ್ಥೆ ಅದು. ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಆ ಕಾಲದ ಪಿಗ್ಮಿಯವರು ಎರಡಾಣೆಗಾಗಿ ಹತ್ತಿದ ಗುಡ್ಡವನ್ನು ಈಗ 1,200 ರೂಪಾಯಿ ಪಿಂಚಣಿಗಾಗಿ ಅಜ್ಜಿ ಇಳಿದು ಬರಬೇಕು. ಹಣ ಖಾತೆಗೆ ನೇರ ಜಮೆಯಾಗುತ್ತದೆ, ನಡುವೆ ಯಾರೂ ತಿನ್ನುವುದಿಲ್ಲ. ಒಪ್ಪುತ್ತೇನೆ, ಅದು ಸಣ್ಣ ಲಾಭವಲ್ಲ. ಆದರೆ ಜಮೆಯಾಯಿತೋ ಇಲ್ಲವೋ ಎಂದು ನೋಡಲಿಕ್ಕೇ ಎರಡು ಬಸ್ಸು. 70 ದಾಟಿದವರ ಮನೆಗೆ ಬ್ಯಾಂಕು ಬರಬೇಕೆಂಬ ಸುತ್ತೋಲೆಯ ವಿಷಯ ನಾನು ಹೇಳಿದಾಗ ಜಗಲಿಯಲ್ಲಿ ದೊಡ್ಡ ನಗೆ ಎದ್ದಿತು. ‘ನಮ್ಮ ಮನೆಗೆ ರಿಕ್ಷಾವೇ ಬರುದಿಲ್ಲ’ ಅಂದರು ಕೊಡೆಯ ಅಜ್ಜಿ.

ಮದುವೆ ಊಟದ್ದೂ ಇದೇ ಕಥೆ. ಪಂಕ್ತಿಯಲ್ಲಿ ಕೂತರೆ ಅನ್ನ, ಸಾರು, ಪಾಯಸ ಎಲ್ಲ ಮನುಷ್ಯರ ಹತ್ತಿರ ಬರುತ್ತಿತ್ತು. ಪ್ರಾಯದವರು, ಸಕ್ಕರೆ ಕಾಯಿಲೆಯವರು ಮೊದಲ ಪಂಕ್ತಿಗೆ ಅಂತ ಯಾರೋ ಒಬ್ಬರು ಕೈಹಿಡಿದು ಕೂರಿಸುತ್ತಿದ್ದರು. (ಯಾರ ಪಕ್ಕ ಯಾರು ಕೂರಬಾರದು ಎಂಬ ಹೊಲಸೂ ಅದರಲ್ಲಿತ್ತು, ಮರೆಯುವುದು ಬೇಡ.) ಬಫೆ ಬಂದು ಆ ಹೊಲಸು ತೊಳೆಯಿತು. ಜೊತೆಗೆ ಅಜ್ಜನ ಒಂದು ಕೈಗೆ ಪ್ಲೇಟು, ಇನ್ನೊಂದು ಕೈಗೆ ಊರುಗೋಲು ಕೊಟ್ಟು ‘ಈಗ ನೀರ್‌ದೋಸೆ ಹಾಕಿಕೊಳ್ಳಿ’ ಅಂದಿತು.

ಬಸ್ಸಿನ ವಿಷಯ ಎತ್ತದೆ ಅಜೆಕಾರಿನ ಕ್ಯೂ ಪುರಾಣ ಪೂರ್ತಿಯಾಗುವುದಿಲ್ಲ, ಆದರೆ ಅಲ್ಲಿ ಕ್ಯೂವೇ ಇಲ್ಲ. ಈ ದಾರಿಯಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು. ಸರಕಾರಿ ಬಸ್ಸಿನಲ್ಲಿ 60 ದಾಟಿದವರಿಗಿರುವ ನಾಲ್ಕನೇ ಒಂದು ಪಾಲು ರಿಯಾಯಿತಿಯೂ, 2023ರ ಜೂನ್ 11ರಿಂದ ಹೆಂಗಸರಿಗೆ ಸಿಕ್ಕ ಉಚಿತ ಪ್ರಯಾಣವೂ ಇಲ್ಲಿಯವರಿಗೆ ಪೇಪರಿನಲ್ಲಿ ಓದುವ ಸುದ್ದಿ. ಬಸ್ಸಿನಲ್ಲಿ ನ್ಯಾಯಾಧೀಶ ಅಂದರೆ ಕಂಡಕ್ಟರು. ‘ದುಂಬು ಪೋಲೆ, ದುಂಬು ಪೋಲೆ’ ಅಂತ ಒಳಗಿನವರನ್ನು ಮುಂದೆ ಸರಿಸಿ, ಅಜ್ಜಿಯನ್ನು ಕೈಹಿಡಿದು ಮೇಲೆಳೆದು, ಅದೇ ಕೈಯಿಂದ ಒಬ್ಬ ಕಾಲೇಜು ಹುಡುಗನ ಭುಜ ತಟ್ಟಿ ಎಬ್ಬಿಸಿ, ‘ರೈಟ್ ಪೋಯಿ’ ಅನ್ನುವುದು ಒಂದೇ ಉಸಿರಿನ ತೀರ್ಪು. ಎದ್ದ ಹುಡುಗ ತನ್ನ ಬ್ಯಾಗನ್ನು ಆ ಅಜ್ಜಿಯ ತೊಡೆಯ ಮೇಲೇ ಇಡುತ್ತಾನೆ. ಅಜ್ಜಿ ಅದನ್ನು ಮೊಮ್ಮಗುವಿನ ಹಾಗೆ ತಬ್ಬಿ ಹಿಡಿದುಕೊಳ್ಳುತ್ತಾರೆ. ಹುಡುಗನೂ ದಿನವಿಡೀ ದಣಿದವನೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರ ನಾನು ಎಲ್ಲೂ ಕಂಡಿಲ್ಲ.

ಹತ್ತು ಗಂಟೆಯಾಯಿತು. ಬಾಗಿಲು ತೆರೆಯಿತು. ಜಗಲಿಯವರು ಎದ್ದು ಬಂದು ತಮ್ಮ ತಮ್ಮ ಚಪ್ಪಲಿ ಮೆಟ್ಟಿ, ಕೊಡೆ, ಚೀಲ ಎತ್ತಿಕೊಂಡರು. ಕಲ್ಲಿನ ಚೂರುಗಳು ಮಾತ್ರ ನಾಳೆಗೆಂದು ಅಲ್ಲೇ ಉಳಿದವು. ಒಳಗೆ ಹೊಸದಾಗಿ ಬಂದ, ಘಟ್ಟದ ಮೇಲಿನ ಕನ್ನಡದ ಹುಡುಗಿಯೊಬ್ಬಳು ಕೌಂಟರಿನಲ್ಲಿದ್ದಳು. ಬಹಳ ಮರ್ಯಾದೆಯಿಂದ ಹೇಳಿದಳು: ‘ಹಿರಿಯ ನಾಗರಿಕರು ಮೊದಲು ಬನ್ನಿ.’

ಆರು ಜನ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗಲಾರಂಭಿಸಿದರು. ಹುಡುಗಿ ಗಾಬರಿಯಾದಳು.

ಮತಗಟ್ಟೆಯ ಅಧಿಕಾರಿಗಳಿಗೆ ಚುನಾವಣಾ ಆಯೋಗ ಕೊಡುವ ಕೈಪಿಡಿಯಲ್ಲಿ, ಅಶಕ್ತರನ್ನೂ ಎಳೆಕೂಸು ಎತ್ತಿಕೊಂಡ ತಾಯಂದಿರನ್ನೂ ಮುಂದಾಗಿ ಬಿಡಬಹುದು ಅಂತ ಇದೆ. ಅಲ್ಲಿ ಮಾತು ಪ್ರಾಯದ್ದಲ್ಲ, ಅಶಕ್ತರದ್ದು. ಅಜೆಕಾರಿನ ಆ ಆರು ಜನ ಕೈಪಿಡಿ ನೋಡಿದವರಲ್ಲ. ಅರ್ಧ ನಿಮಿಷದಲ್ಲಿ ಅವರ ತೀರ್ಮಾನ ಆಯಿತು. ಅರವತ್ತಾಗದ ಬೀಡಿಯ ಅಕ್ಕನನ್ನು ಮುಂದೆ ಕಳಿಸಿದರು, ಆಕೆಗೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ದಿನ. ಆಮೇಲೆ ಹತ್ತೂ ನಲವತ್ತರ ಬಸ್ಸಿನವರು ಇಬ್ಬರು. ಆಮೇಲೆ ಕೊಡೆ. ಮುಂಬಯಿಯ ಬಿಳಿ ಶೂ ತಾನಾಗಿಯೇ ಮೇಷ್ಟ್ರ ಹಿಂದೆ ಹೋಗಿ ನಿಂತಿತು, ಮೇಷ್ಟ್ರಿಗೆ ಎರಡನೇ ಪಿರಿಯಡ್ ಉಂಟಂತೆ.

ರಾಜಸೂಯದಲ್ಲಿ ಅಗ್ರಪೂಜೆ ಯಾರಿಗೆ ಎಂಬ ಪ್ರಸಂಗವನ್ನು ನಮ್ಮ ಕಡೆಯವರು ಯಕ್ಷಗಾನದ ಆಟದಲ್ಲೂ ತಾಳಮದ್ದಳೆಯಲ್ಲೂ ಎಷ್ಟೋ ಸಲ ನೋಡಿದ್ದಾರೆ. ಸಭೆಯಲ್ಲಿದ್ದ ಹಿರಿಯ ಭೀಷ್ಮ. ಆದರೆ ಅವನು ಮೊದಲ ಮರ್ಯಾದೆ ನನಗೆ ಅನ್ನುವುದಿಲ್ಲ. ಯಾರಿಗೆ ಅಂತ ಹೇಳುವವನು ಅವನು. ಶಿಶುಪಾಲ ಮೈಮೇಲೆ ಬಂದವನಂತೆ ಎಗರಾಡುವುದೂ ಅದಕ್ಕೇ: ಇಲ್ಲಿ ವೃದ್ಧರಿರುವಾಗ ಈ ಕೃಷ್ಣನಿಗೆ ಯಾಕೆ ಮೊದಲು? ನನ್ನ ತಲೆಯಲ್ಲಿ ಈ ಪ್ರಸಂಗ ಓಡುತ್ತಿದ್ದುದಕ್ಕೆ ಕಾರಣ ಊರುಗೋಲಿನ ಅಜ್ಜ. ಎಂಬತ್ತಾರು ಅಂತೆ, ಆ ಕೋಣೆಯಲ್ಲಿ ಅವರಿಗಿಂತ ಹಿರಿಯರಿಲ್ಲ. ‘ಅಜ್ಜೆರೆ, ನೀವು ಬನ್ನಿ’ ಅಂತ ಮೂರು ಜನ ಕರೆದರೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ‘ನಿನ್ನದು ಆಗಲಿ’, ‘ಅವಳದ್ದು ಮುಗಿಯಲಿ’ ಅಂತ ಕೋಲಿನ ತುದಿಯಿಂದಲೇ ಒಬ್ಬೊಬ್ಬರನ್ನು ಮುಂದೆ ಕಳಿಸುತ್ತಿದ್ದರು.

ನನ್ನ ಸರದಿ ಬಂದಾಗ ನಾನೂ ಕರೆದೆ.

‘ನೀವು ಹೋಗಿ ಮಾರಾಯ್ರೆ. ನನಗೆ ಬಸ್ಸು ಹನ್ನೆರಡೂವರೆಗೆ. ಮಗ ದುಬೈಯಲ್ಲಿ, ಮಗಳು ಮೀರಾ ರೋಡಿನಲ್ಲಿ. ಬೇಗ ಮನೆಗೆ ಹೋಗಿ ಎಂತ ಮಾಡುದು, ಗೋಡೆ ನೋಡುದಾ?’

ಕೆಲಸ ಮುಗಿಸಿ ತಿರುಗುವಾಗ ಅಜ್ಜ ಆ ಕುರ್ಚಿಯಲ್ಲಿರಲಿಲ್ಲ. ಒಳಗೆ ಆಗಷ್ಟೇ ಬಂದಿದ್ದ ಇಬ್ಬರು ಹೊಸಬರ ಹಿಂದೆ, ಸಾಲಿನ ಕಟ್ಟಕಡೆಯ ಕುರ್ಚಿಗೆ ಊರುಗೋಲನ್ನು ಒರಗಿಸಿಟ್ಟು, ಪಕ್ಕದವರ ಹತ್ತಿರ ಕೊಳೆರೋಗದ ಬಗ್ಗೆ ಮೊದಲಿನಿಂದ ಶುರು ಮಾಡಿದ್ದರು.